ಅಪ್ಪನ ಎಲೆಗೆ ಮುಗುಡು

ಕಿವಿರು ಎತ್ತಿ ನೋಡದೆ ನಾನು ಮೀನು ಕೊಂಡವಳಲ್ಲ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಗೇಟಿನೆದುರು ನಮ್ಮದೊಂದು ಚಿಕ್ಕ ಹೋಟೆಲು, ಮಧ್ಯಾಹ್ನ ಮೀನಿನ ಊಟ ಹಾಕುವಂಥದ್ದು. ಉಡುಪಿ ಕಡೆಯಿಂದ ಬಂದ ಅಪ್ಪ ಕಟ್ಟಿದ್ದು. ಅಲ್ಲಿ ಬೆಳಗಿನ ಮೀನಿನ ಖರೀದಿ ನನ್ನ ಪಾಲಿಗೆ ಬಂದು ಎಷ್ಟೋ ಕಾಲವಾಯಿತು. ಬುಟ್ಟಿಯ ಮೇಲುಗಡೆ ಮಿರಮಿರ ಮಿಂಚುವ ಬಂಗುಡೆ ಜೋಡಿಸಿ ಕೆಳಗೆ ನಿನ್ನೆಯದನ್ನು ತುಂಬಿಸುವವರು, ಐಸಿನ ನೀರು ಚಿಮುಕಿಸಿ ಈಗಷ್ಟೇ ಇಳಿದದ್ದು ಅನ್ನುವವರು, ನಿಮಗೆ ಸುಳ್ಳು ಹೇಳುತ್ತೇನಾ ಎಂದು ಎದೆ ಮುಟ್ಟಿಕೊಳ್ಳುವವರು, ಎಲ್ಲರನ್ನೂ ಕಂಡು ಕಂಡು ನನ್ನ ಬುದ್ಧಿಯೇ ಹಾಗಾಗಿ ಹೋಗಿದೆ. ಯಾರಾದರೂ ಎದೆ ಮುಟ್ಟಿಕೊಂಡರೆ ನಾನು ಮೊದಲು ಅವರ ಬುಟ್ಟಿಯ ತಳಕ್ಕೆ ಕೈ ಹಾಕುತ್ತೇನೆ. ನಿನ್ನ ಜೊತೆ ಸಂಸಾರ ಮಾಡುವುದೆಂದರೆ ದಿನಾ ಕಸ್ಟಮ್ಸ್ ದಾಟಿದ ಹಾಗೆ ಎಂದು ಗಂಡ ಹೇಳುವುದುಂಟು. ವಿಲೆ ಪಾರ್ಲೆಯಲ್ಲಿ ನಮ್ಮ ಮನೆ, ಅವರಿಗೆ ಏರ್‌ಪೋರ್ಟಿನಲ್ಲಿ ಕೆಲಸ. ಅವರಿಗೆ ಅಂಥ ಮಾತೇ ಬಾಯಿಗೆ ಬರುವುದು.

ಈ ಗುಮಾನಿ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಸಮುದ್ರದ ಮೀನು ಬೇಯಿಸಿ ಬದುಕಿದವರು, ಆದರೆ ಆಸೆಪಟ್ಟು ತಿನ್ನುತ್ತಿದ್ದದ್ದು ಮುಗುಡು ಮೀನನ್ನು. ಮೀಸೆ ಇರುವ, ಲೋಳೆ ಮೈಯ, ಕೆರೆಯ ಕೆಸರಿನಲ್ಲಿ ಬದುಕುವ ಮೀನು ಅದು. ನಮ್ಮ ಕಡೆಯವರಲ್ಲೇ ಎಷ್ಟೋ ಮಂದಿ ಅದರ ವಾಸನೆಗೆ ಮೂಗು ಮುರಿಯುತ್ತಾರೆ. ಅಪ್ಪನಿಗೆ ಮಾತ್ರ ಅದರ ಪುಳಿಮುಂಚಿ, ಹುಳಿ ಖಾರದ ಗಟ್ಟಿ ಸಾರು, ಇದ್ದರೆ ಬೇರೆ ಏನೂ ಬೇಡ. ದಹಿಸರ್‌ನ ನನ್ನ ತವರುಮನೆಯಿಂದ ರಿಕ್ಷಾದಲ್ಲಿ ಹೋಗುವಷ್ಟು ದೂರದಲ್ಲಿ, ಗುಡ್ಡದ ಬುಡದಲ್ಲಿ ಒಂದು ಕೆರೆ ಇದೆ. ಸರಕಾರದ್ದು, ಮೀನುಗಾರರ ಸೊಸೈಟಿಯೊಂದು ಗುತ್ತಿಗೆ ಹಿಡಿದಿದೆ. ಗಾಳ ಹಾಕುವ ಶೋಕಿ ಇರುವವರಿಗೆ ಸೊಸೈಟಿ ಪಾಸು ಕೊಡುತ್ತದೆ. ಹೋಟೆಲಿಗೆ ರಜೆ ಇದ್ದ ದಿನ ಅಪ್ಪ ಆ ಪಾಸನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೊರಡುತ್ತಿದ್ದರು.

ಒಬ್ಬನಿಗೆ ಒಂದೇ ಗಾಳ. ಬಲೆ ಬೀಸುವಂತಿಲ್ಲ. ಗೇಣಿಗಿಂತ ಚಿಕ್ಕದು ಸಿಕ್ಕರೆ ವಾಪಸು ನೀರಿಗೆ. ಹಿಡಿದದ್ದನ್ನು ಮನೆಯಲ್ಲಿ ತಿನ್ನಬೇಕು, ಮಾರುವಂತಿಲ್ಲ. ನೀರಿಗೆ ಕರೆಂಟಿನ ತಂತಿ ಇಳಿಸಿದರೆ, ಮದ್ದು ಕದಡಿದರೆ ನೇರ ಪೊಲೀಸ್ ಸ್ಟೇಷನ್. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡುವ ಹೊತ್ತಿಗೆ ಕೆರೆ ಪೂರಾ ಬಂದ್. ಇದನ್ನೆಲ್ಲ ಅಪ್ಪ ನಮಗೆ ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದ್ದರು. ಕೆರೆಯ ದಂಡೆಯಲ್ಲಿ ಬೇರೆಯವರ ಚೀಲ ಇಣುಕಿ ನೋಡಿ, ಈ ಮರಿಯನ್ನು ಯಾಕೆ ಇಟ್ಟುಕೊಂಡೆ ಎಂದು ಜಗಳಕ್ಕೆ ನಿಲ್ಲುವ ಮನುಷ್ಯ. ಎರಡನೇ ಗಾಳ ನನ್ನ ಹೆಂಡತಿಯದ್ದು ಎಂದು ಒಬ್ಬ ಸಬೂಬು ಹೇಳಿದಾಗ, ಹಾಗಾದರೆ ಹೆಂಡತಿ ಬರುವವರೆಗೆ ಎತ್ತಿಡು ಎಂದು ಸಂಜೆಯವರೆಗೆ ಅವನ ಪಕ್ಕದಲ್ಲೇ ಕೂತಿದ್ದರಂತೆ. ನಮ್ಮ ಹೋಟೆಲಿಗೆ ಒಂದು ದಿನವೂ ಒಂದು ಮುಗುಡು ಬರಲಿಲ್ಲ. ಗಿರಾಕಿಗಳು ಕೇಳಿದರೂ ಇಲ್ಲ. ದಂಡೆಯಲ್ಲಿ ಅಪ್ಪನನ್ನು ಯಾರೂ ಇಷ್ಟಪಡುತ್ತಿರಲಿಲ್ಲ ಅಂತ ನನ್ನ ಅಂದಾಜು.

ಹೋದ ವರ್ಷ ದಸರಾ ಕಳೆದ ಮೇಲೆ ಅಪ್ಪ ತೀರಿಕೊಂಡರು. ಈ ವರ್ಷ ಆಟಿ ತಿಂಗಳು ಬಂತು. ಮಳೆ ಕವುಚಿ ಹೊಯ್ಯುವ ಆ ತಿಂಗಳಲ್ಲಿ ತುಳುವರ ಮನೆಗಳಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವ ಪದ್ಧತಿ ಇದೆ. ಬಾಳೆಲೆ ಹಾಕಿ ಅವರಿಗೆ ಬೇಕಾದ ಕೋಳಿ, ಮೀನು, ಕಡುಬು ಎಲ್ಲ ಬಡಿಸಿ, ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ನಿಲ್ಲುವುದು. ಸತ್ತವರು ಬಂದು ತಿಂದು ಹೋದರು ಎಂಬಷ್ಟು ಹೊತ್ತಾದ ಮೇಲೆ ಬಾಗಿಲು ತೆಗೆದು ನಾವು ಊಟಕ್ಕೆ ಕೂರುವುದು. ಅಗೆಲು ಬಡಿಸುವುದು ಅನ್ನುತ್ತೇವೆ. ಅಪ್ಪ ಬಡಿಸುವವರ ಸಾಲಿನಿಂದ ಉಣ್ಣುವವರ ಸಾಲಿಗೆ ಹೋದ ಮೊದಲ ಆಟಿ ಇದು.

ನಮ್ಮ ಹಿರಿಯರು ಈ ಪದ್ಧತಿ ಮಾಡುವಾಗ ಸರಕಾರವನ್ನು ಕೇಳಿರಲಿಲ್ಲ. ಆಟಿಯಲ್ಲೇ ಸಮುದ್ರದ ದೋಣಿಗಳಿಗೆ ನಿಷೇಧ, ಆಟಿಯಲ್ಲೇ ಕೆರೆಗೆ ಬೀಗ. ಸತ್ತವರಿಗೆ ಮೀನು ಬೇಕಾಗುವ ಹೊತ್ತಿಗೇ ಬದುಕಿರುವವರಿಗೂ ಮೀನಿಲ್ಲ. ಮಾರ್ಕೆಟಿನಲ್ಲಿ ಐಸಿನಲ್ಲಿ ಮಲಗಿದ್ದ ಆಂಧ್ರದ ರೋಹು, ಒಣಮೀನು, ಕೆಲವು ಮಂಕಾದ ಸಿಗಡಿ. ನಾನು ದಿನಾ ಮೀನು ಕೊಳ್ಳುವ ಮೀನುಗಾರ ಹೆಂಗಸು ಕೂಡ ಪೆಟ್ಟಿಗೆಯ ಮೇಲೆ ಗೋಣಿ ಹೊದಿಸಿ ಕೂತಿದ್ದಳು. ಅವಳು ನನ್ನ ಮುಖ ನೋಡಿ ನಕ್ಕಳು. ಅವಳು ಯಾಕೆ ನಕ್ಕಳೋ ಎಂದು ನನಗೆ ಆ ದಿನವಿಡೀ ಯೋಚನೆ.

"ಮೀನಿನ ಚಿಂತೆ ನಂಗೆ ಬಿಡಿ," ಎಂದ ತಮ್ಮ. ನನಗಿಂತ ಬಹಳ ಚಿಕ್ಕವನು, ಮದುವೆಯಾಗಿಲ್ಲ, ಅಮ್ಮನ ಜೊತೆ ದಹಿಸರ್‌ನ ಮನೆಯಲ್ಲೇ ಇರುವುದು. ಅಪ್ಪ ಹೋದ ಮೇಲೆ ಹೋಟೆಲು ನೋಡುವವನೂ ಅವನೇ. "ಮುಗುಡೇ ತರ್ತೇನೆ. ಹೋದ ಮಳೆಗಾಲದಲ್ಲಿ ಅಪ್ಪ ಹಾಸಿಗೆಯಲ್ಲಿದ್ದಾಗ ಕೆರೆಯ ಮುಗುಡು ತಂದುಕೊಟ್ಟಿದ್ದೆ ಅಲ್ವಾ. ಅದರ ನಂತರ ಅವರು ಮನಸ್ಸಿಟ್ಟು ಏನೂ ತಿನ್ಲಿಲ್ಲ. ಅಗೆಲಿಗೆ ಅದು ಇಲ್ದಿದ್ರೆ ನಂಗೆ ಸಮಾಧಾನ ಇಲ್ಲ."

ಅವನ ಕಣ್ಣು ಆಗಲೇ ತುಂಬಿಕೊಂಡಿತ್ತು. ಅಪ್ಪನಿಗೆ ಕೊನೆಗಾಲದಲ್ಲಿ ತಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಎಂದರೆ ಆ ಮುಗುಡು ಎಂದು ಅವನು ಎಷ್ಟೋ ಸಲ ಹೇಳಿದ್ದ.

"ಮುಗುಡೇ ಯಾಕೆ ಮಗಾ," ಎಂದಳು ಅಮ್ಮ. "ಒಣಮೀನಿನ ಚಟ್ನಿ ಮಾಡ್ತೇನೆ, ಕೋಳಿ ಉಂಟು. ಸಾಕು."

"ಬೇಡ, ಮುಗುಡೇ ಆಗ್ಬೇಕು."

ಅಮ್ಮ ಮತ್ತೆ ಮಾತಾಡಲಿಲ್ಲ. ಅದು ನನಗೆ ಸರಿ ಕಾಣಲಿಲ್ಲ. ಅಪ್ಪನಿಗೆ ಮುಗುಡು ಎಂದರೆ ಪ್ರಾಣ ಎಂದು ನಮ್ಮೆಲ್ಲರಿಗಿಂತ ಹೆಚ್ಚು ತಿಳಿದವಳು ಅವಳು. ಅದೇ ಬೇಡ ಅನ್ನುತ್ತಾಳೆ ಎಂದರೆ ಏನರ್ಥ? ಒಂದು ತೆಂಗಿನಕಾಯಿಗೆ ಹತ್ತು ಸಲ ಚೌಕಾಸಿ ಮಾಡುವ ಹೆಂಗಸು ಇಷ್ಟು ಬೇಗ ಸುಮ್ಮನಾಗುವುದೆಂದರೆ ಒಳಗೇನೋ ಇದೆ.

ಅಗೆಲು ಭಾನುವಾರಕ್ಕೆ. ಶನಿವಾರ ಬೆಳಿಗ್ಗೆ ನಾನು ಹೋಟೆಲಿಗೆ ಹೋಗದೆ ಲೋಕಲ್ ಹಿಡಿದು ಸೀದಾ ದಹಿಸರ್‌ಗೆ ಹೋದೆ. ಬಚ್ಚಲಿನ ಪ್ಲಾಸ್ಟಿಕ್ ಟಬ್ಬಿನಲ್ಲಿ ಎರಡು ಮುಗುಡು ಮಿಸುಕಾಡುತ್ತಿದ್ದವು. ಜೀವಂತ. ಅಪ್ಪ ಮರಳಿ ಬಂದಷ್ಟು ಹಿಗ್ಗಿನಿಂದ ತಮ್ಮ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದ.

ನಾನು ಬಗ್ಗಿ ನೋಡಿದೆ. ಅಪ್ಪ ತರುತ್ತಿದ್ದ ಮುಗುಡು ಕಂದು ಬಣ್ಣದ್ದು, ಮೊಣಕೈಯಿಂದ ಬೆರಳ ತುದಿಯವರೆಗೂ ಬಾರದ್ದು. ಇವು ನನ್ನ ತೋಳಿನಷ್ಟು ದಪ್ಪ. ಬೂದು ಮೈ, ಅದರ ಮೇಲೆ ಮೊಸಾಯಿಕ್ ನೆಲದ ಹಾಗೆ ಕಪ್ಪು ಕಲೆ. ತಲೆ ಅಗಲ, ಚಪ್ಪಟೆ. ಮೂಸಿದರೆ ಕೆಸರಿನ ವಾಸನೆಯಲ್ಲ, ಬೇರೆ ಏನೋ, ಕೋಳಿ ಅಂಗಡಿಯ ಹಿಂದಿನ ಗಟಾರದ್ದು.

"ಎಲ್ಲಿಂದ ತಂದಿ?"

"ಕೆರೆಯದ್ದು ಅಕ್ಕ."

"ಕೆರೆ ಬಂದ್ ಅಲ್ವಾ?"

"ಕಾವಲಿನವನು ಕೊಟ್ಟ. ಅಪ್ಪನ ಹೆಸರು ಹೇಳಿದೆ, ಇಲ್ಲ ಅನ್ಲಿಲ್ಲ. ಹೋದ ವರ್ಷ ಕೂಡ ಅವನೇ ಕೊಟ್ಟದ್ದು. ನೀನು ಸುಮ್ನೆ ಟೆನ್ಶನ್ ತಗೊಳ್ಬೇಡ."

ಹೇಳುವಾಗ ಅವನು ಟಬ್ಬಿನ ನೀರನ್ನು ನೋಡುತ್ತಿದ್ದ, ನನ್ನನ್ನಲ್ಲ. ಅಮ್ಮ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಜೀವಂತ ಮುಗುಡು ಮನೆಗೆ ಬಂದಿದೆ, ಎದ್ದು ಬಂದು ಒಮ್ಮೆ ನೋಡಲಿಲ್ಲ.

ನನ್ನ ತಲೆಗೆ ಹುಳ ಹೊಕ್ಕಿತು. ತಮ್ಮ ಹೇಳುವುದು ನಿಜವಾದರೆ ಅದು ಕಳ್ಳಮೀನು, ಬೀಗ ಹಾಕಿದ ಕೆರೆಯಿಂದ ಹಿಂಬಾಗಿಲಿನಲ್ಲಿ ಬಂದದ್ದು. ಸುಳ್ಳಾದರೆ ಅದು ಬೇರೆ ಮೀನು. ನಮ್ಮ ಮುಗುಡಿನಂತೆಯೇ ಕಾಣುವ ಹೊರದೇಶದ ಜಾತಿಯೊಂದಿದೆ. ಸಿಕ್ಕಿದ್ದನ್ನೆಲ್ಲ ತಿಂದು ಬೇಗ ಬೇಗ ಬೆಳೆಯುತ್ತದೆ, ಕೆರೆಗೆ ಬಿದ್ದರೆ ಊರ ಮೀನನ್ನೆಲ್ಲ ನುಂಗಿ ಹಾಕುತ್ತದೆ. ಸರಕಾರ ಅದನ್ನು ಸಾಕುವುದಕ್ಕೂ ಮಾರುವುದಕ್ಕೂ ನಿಷೇಧ ಹಾಕಿದೆ. ಆದರೂ ಹೈವೇಯ ಆಚೆ ಗುಂಡಿ ತೋಡಿ, ಕೋಳಿ ಅಂಗಡಿಯ ಕಸ ಸುರಿದು ಸಾಕುವವರು ಇದ್ದಾರೆ. ಯಾವ ಕಡೆಯಿಂದ ನೋಡಿದರೂ ಅಪ್ಪ ಜೀವಮಾನವಿಡೀ ಜಗಳಾಡಿದ್ದನ್ನೇ ನಾಳೆ ಅಪ್ಪನ ಎಲೆಗೆ ಬಡಿಸಬೇಕು. ಇದು ನನಗೆ ಸಹಿಸಲಾಗಲಿಲ್ಲ. ತಮ್ಮನನ್ನು ಇನ್ನೂ ಕೇಳಿದರೆ ಇನ್ನೂ ಸುಳ್ಳು ಹೇಳುತ್ತಾನೆ. ಕೊಟ್ಟವನನ್ನೇ ಕೇಳೋಣ ಅನ್ನಿಸಿತು.

ತಮ್ಮ ಹೋಟೆಲಿಗೆ ಹೊರಟ ಮೇಲೆ ಎರಡರಲ್ಲಿ ಒಂದನ್ನು ಮುಚ್ಚಳ ಇರುವ ಬಕೆಟಿಗೆ ಹಾಕಿದೆ. ಅದು ಕೈಗೆ ಒಂದು ಸಲ ಮುಳ್ಳು ಹೆಟ್ಟಿತು. ಅಮ್ಮ ಕೇಳಲಿಲ್ಲ, ಎಲ್ಲಿಗೆ ಎಂದು.

ರಿಕ್ಷಾದವನು ಬಕೆಟನ್ನು ನೋಡಿದ, ನನ್ನನ್ನು ನೋಡಿದ. ಸಿಗ್ನಲ್ಲಿನಲ್ಲಿ ನಿಂತಾಗ ಒಳಗಿನಿಂದ ದಬಕ್ಕೆಂದು ಸದ್ದು ಬಂತು. "ಮೇಡಂ, ಅಂದರ್ ಕ್ಯಾ ಹೈ?" ಎಂದ. "ಕಪ್ಡಾ," ಎಂದೆ. ಬಟ್ಟೆ ಒದೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ರಿಕ್ಷಾ ಬಿಟ್ಟ, ನಾನು ಅವನನ್ನೇ ನೋಡುತ್ತ ಕೂತೆ.

ಕೆರೆಯ ಗೇಟಿಗೆ ಸರಪಳಿ ಹಾಕಿತ್ತು. ಪಕ್ಕದಲ್ಲಿ ಬೋರ್ಡು: ಮೀನು ಹಿಡಿಯುವುದು ಬಂದ್. ಬೇಲಿಯ ಒಂದು ಕಡೆ ಜನ ನುಗ್ಗಿ ನುಗ್ಗಿ ದಾರಿಯಾಗಿತ್ತು. ನಾನು ಸೀರೆಯ ನೆರಿಗೆ ಎತ್ತಿಕೊಂಡು ಬಕೆಟ್ ಸಮೇತ ಅದರಲ್ಲೇ ತೂರಿದೆ. ಕಾವಲಿನವನ ತಗಡಿನ ಶೆಡ್ಡು ನೀರಿನ ಅಂಚಿನಲ್ಲೇ ಇರುವುದು, ಬೇರೆ ದಾರಿ ಇರಲಿಲ್ಲ.

"ಏಯ್, ರುಕೋ," ಎಂಬ ಕೂಗು. ಕೊಡೆ ಹಿಡಿದ ಮನುಷ್ಯ ಓಡಿ ಬಂದ. ಮೊಣಕಾಲುದ್ದ ಗಂಬೂಟು, ತಲೆಗೆ ಪ್ಲಾಸ್ಟಿಕ್ ಚೀಲ. "ಬಾಲ್ಟೀ ನೀಚೆ ರಖೋ. ತಲಾವ್ ಬಂದ್ ಹೈ, ಮಾಲೂಮ್ ನಹೀಂ?" ಬಕೆಟ್ ಕೆಳಗಿಡು, ಕೆರೆ ಬಂದ್ ಎಂದು ಗೊತ್ತಿಲ್ಲವಾ ಎಂದು ಹಿಂದಿಯಲ್ಲಿ ಗದರಿ, ಮುಚ್ಚಳ ಎತ್ತಿದವನೇ ಹಣೆ ಚಚ್ಚಿಕೊಂಡ. "ಬೆಳಿಗ್ಗೆದ್ದು ಯಾರ ಮಾರಿ ನೋಡೇನೋ ಏನೋ," ಎಂದು ತನ್ನಷ್ಟಕ್ಕೆ ಗೊಣಗಿದ.

"ನನ್ನ ಮಾರಿ ಅಂತೂ ಅಲ್ಲ, ನಾನು ಈಗ ಬಂದದ್ದು," ಎಂದೆ ಕನ್ನಡದಲ್ಲಿ.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಗದಗಿನ ಕಡೆಯವನು ಎಂದು ಅಪ್ಪ ಹೇಳಿದ್ದ ಕಾವಲಿನವನು ಇವನೇ. ಮೀನು ತಿನ್ನದ ಮನೆತನದವನು ಎಂದೇ ಸೊಸೈಟಿ ಅವನನ್ನು ಹುಡುಕಿ ಕೆಲಸಕ್ಕೆ ಇಟ್ಟುಕೊಂಡಿತ್ತು. ಅದನ್ನು ಹೇಳಿ ಅಪ್ಪ ನಗುತ್ತಿದ್ದರು.

"ಕನ್ನಡದವರಾದ್ರ ಆತೇನ್ರಿ ಅಕ್ಕಾರ. ಈ ಮೀನ ಎಲ್ಲಿ ಹಿಡದ್ರಿ? ಯಾವಾಗಿಂದ ಬರಾಕತ್ತೀರಿ?"

"ಹಿಡಿದದ್ದಲ್ಲ. ತಂದದ್ದು."

"ತಂದದ್ದಾ?" ಅವನ ಮುಖ ಇನ್ನೂ ಕೆಟ್ಟಿತು. "ಬಿಡಾಕ ಬಂದೀರೇನು? ಪುಣ್ಯ ಬರತೈತಿ ಅಂತ ಮಂದಿ ಮಾರ್ಕೆಟ್ಟಿಂದ ಇಂಥಾವ ತಂದು ನೀರಿಗಿ ಬಿಟ್ಟು ಕೈ ಮುಗದು ಹೋಗ್ತಾರ. ಒಂದ ಬಿಟ್ರ ಸಾಕ್ರಿ, ನಮ್ಮ ಮರಿ ಎಲ್ಲಾ ತಿಂದ ಹಾಕ್ತೈತಿ. ಕೆರ್ಯಾಗಿಂದ ಒಯ್ದ್ರೂ ತಪ್ಪ, ಕೆರಿಗಿ ತಂದ್ರೂ ತಪ್ಪ. ನೀವು ಯಾವ ತಪ್ಪ ಮಾಡಾಕ ಬಂದೀರಿ, ಅದನ್ನ ಹೇಳ್ರಿ."

ನಾನು ಅವನನ್ನು ವಿಚಾರಿಸಲು ಬಂದವಳು. ಅವನೇ ನನ್ನನ್ನು ವಿಚಾರಿಸುತ್ತಿದ್ದ. ನನಗೆ ಸಿಟ್ಟು ಬಂತು. ಕಳ್ಳ ತಾನಾಗಿ ನನ್ನ ಮೇಲೆ ಗೂಬೆ ಕೂರಿಸುತ್ತಿದ್ದಾನೆ ಅನ್ನಿಸಿತು.

"ಈ ಮೀನು ನನ್ನ ತಮ್ಮನಿಗೆ ಕೊಟ್ಟವರು ಯಾರು? ನೀವೇ ಕೊಟ್ಟದ್ದಂತೆ."

"ನಾನಾ?" ಅವನು ಕೊಡೆ ಮಡಚಿ ಮಳೆಯಲ್ಲೇ ನಿಂತ. "ಅಕ್ಕಾರ, ಈ ಜಾತಿ ಮೀನ ಈ ಕೆರ್ಯಾಗ ಇಲ್ಲ. ಇದ್ದಿದ್ರ ನನ್ನ ನೌಕರಿ ಇರತಿದ್ದಿಲ್ಲ. ಯಾರ್ರಿ ನಿಮ್ಮ ತಮ್ಮಾರು?"

ಅಪ್ಪನ ಗುರುತು ಹೇಳಿದೆ. ಕಾಂದಿವಲಿಯ ಹೋಟೆಲಿನವರು, ಬಿಳಿ ಮೀಸೆ, ಎಲ್ಲರ ಚೀಲ ಇಣುಕಿ ನೋಡುತ್ತಿದ್ದವರು. ಅವನ ಮುಖ ಸಡಿಲವಾಯಿತು. ತಲೆಯ ಮೇಲಿನ ಚೀಲ ತೆಗೆದ.

"ಆ ಅಣ್ಣಾರ ಮಗಳೇನ್ರಿ. ಹೋದ್ರಂತ ಗೊತ್ತಾತು. ಭಾಳ ಕಿರಿಕಿರಿ ಮನಷ್ಯಾರಿ, ನನ್ನ ಮ್ಯಾಲೂ ಸೊಸೈಟಿಗೆ ಕಂಪ್ಲೇಂಟ್ ಕೊಟ್ಟಿದ್ರು. ಒಳ್ಳೆ ಮನಷ್ಯಾ." ಚೀಲದ ನೀರು ಕೊಡವುತ್ತ ಅಂದ, "ನಿಮ್ಮ ತಮ್ಮಾರು ಬಂದಿದ್ರಿ. ಈ ವರ್ಷ ಅಲ್ಲ, ಹೋದ ಮಳಿಗಾಲ್ದಾಗ. ಇಲ್ಲೇ, ನೀವು ನಿಂತಲ್ಲೇ ನಿಂತಿದ್ರು. ಅಪ್ಪಗ ಆರಾಮಿಲ್ಲ, ಒಂದ ಒಂದು ಮುಗುಡ ಕೊಡ್ರಿ ಅಂತ ಕೈ ಮುಗದ್ರು. ನಾ ಒಲ್ಲೆ ಅಂದೆ. ಬಂದ್ ಅಂದ್ರ ಬಂದ್ ರಿ. ನನ್ನ ಜಾಗಾದಾಗ ನಿಮ್ಮಪ್ಪಾರ ಇದ್ದಿದ್ರೂ ಹಂಗ ಅಂತಿದ್ರು. ಅಳಕೋತ ಹೋದ್ರು ನಿಮ್ಮ ತಮ್ಮಾರು. ನನಗೂ ಕೆಟ್ಟನಿಸಿತ್ತು."

ಅವನ ಕಣ್ಣನ್ನೇ ನೋಡಿದೆ. ಅವನು ಎದೆ ಮುಟ್ಟಿಕೊಳ್ಳಲಿಲ್ಲ. ನಿಜ ಹೇಳುತ್ತಿದ್ದ.

ಕೊಟ್ಟಿರದಿದ್ದರೆ ಹೋದ ವರ್ಷ ಅಪ್ಪ ತಿಂದದ್ದು ಏನು? ಆ ದಿನ ನಾನೂ ಮನೆಯಲ್ಲಿದ್ದೆ, ಆದರೆ ನಾನು ಬಂದದ್ದು ಮೀನನ್ನು ತುಂಡು ಮಾಡಿ ಬೇಯಿಸಿದ ಮೇಲೆ. ಅಪ್ಪ ಕೆರೆಯ ಕಾವಲಿನವನಿಗೆ ಈಗ ಬುದ್ಧಿ ಬಂತಾ ಎಂದು ಹಾಸ್ಯ ಮಾಡಿಕೊಂಡು ತಿಂದಿದ್ದರು. ಅಪ್ಪ ತಿನ್ನುತ್ತಿದ್ದಾರೆ ಎಂಬ ಖುಷಿಯಲ್ಲಿ ನಾನು ಏನೂ ಕೇಳಿರಲಿಲ್ಲ. ಅಪ್ಪನ ಕೊನೆಯ ಆಸೆಗೆ ಹುಡುಗ ಗುಂಡಿಯ ಮೀನು ತಂದು, ಕೆರೆಯದ್ದು ಎಂದು ಕಣ್ಣಿಗೆ ಮಣ್ಣೆರಚಿದ್ದ. ಈಗ ಎರಡನೇ ಸಲವೂ ಅದನ್ನೇ ಮಾಡಲು ಹೊರಟಿದ್ದ.

ಬಕೆಟಿನ ಮೀನನ್ನು ವಾಪಸು ಒಯ್ಯಲು ಅವನು ಬಿಡಲಿಲ್ಲ. ಮಾರುವಂತಿಲ್ಲ, ಬಿಡುವಂತಿಲ್ಲ, ಕೊಂದು ಹೂಳಬೇಕು, ರೂಲು ಹಾಗಿದೆ ಎಂದ. ಗುದ್ದಲಿ ತಂದ. ಹೂಳುತ್ತಾನೋ, ನಾನು ಹೋದ ಮೇಲೆ ಯಾರಿಗಾದರೂ ಕೊಡುತ್ತಾನೋ ಎಂದು ನಾನು ಅಲ್ಲೇ ನಿಂತೆ. ನಾನು ಯಾಕೆ ನಿಂತಿದ್ದೇನೆ ಎಂದು ಅವನಿಗೆ ಗೊತ್ತಾಯಿತು. "ಅಪ್ಪನಂಗ ಅದೀರಿ," ಎಂದ, ಮಣ್ಣು ಮುಚ್ಚುತ್ತ. ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ.

ಮನೆಗೆ ಬಂದಾಗ ತಮ್ಮ ಊಟಕ್ಕೆ ಬಂದಿದ್ದ. ಬಚ್ಚಲಿನ ಟಬ್ಬಿನ ಮುಂದೆ ನಿಂತು, ಒಂದೇ ಇದೆ, ಇನ್ನೊಂದೆಲ್ಲಿ ಎಂದು ಅಮ್ಮನನ್ನು ಕೇಳುತ್ತಿದ್ದ. ನಾನು ಖಾಲಿ ಬಕೆಟ್ ಅವನ ಕಾಲ ಬಳಿ ಇಟ್ಟೆ.

"ಕಾವಲಿನವನ ಹತ್ರ ಹೋಗಿದ್ದೆ. ಹೋದ ವರ್ಷ ಅವನು ಕೊಟ್ಟಿಲ್ಲ. ಈ ವರ್ಷ ನೀನು ಅತ್ತ ಹೋಗಲೇ ಇಲ್ಲ. ಇನ್ನೂ ಸುಳ್ಳು ಬಾಕಿ ಉಂಟಾ?"

ಅವನು ಬೆಳ್ಳಗಾದ. ನೆಲಕ್ಕೆ ಕೂತ.

"ಅವ ಕೊಡ್ಲಿಲ್ಲ ಅಕ್ಕ. ಎಷ್ಟು ಕೇಳಿದ್ರೂ ಕೊಡ್ಲಿಲ್ಲ. ಅಪ್ಪ ಮೂರು ದಿನದಿಂದ ಗಂಜಿ ಬಿಟ್ಟು ಏನೂ ಮುಟ್ಟಿರ್ಲಿಲ್ಲ, ಮುಗುಡು ಮುಗುಡು ಅಂತ ಒಂದೇ ಮಾತು. ಹೈವೇ ಕಡೆ ಒಬ್ಬ ಕೊಡ್ತಾನೆ ಅಂತ ಯಾರೋ ಹೇಳಿದ್ರು. ಕೆರೆಯದ್ದಲ್ಲ ಅಂದ್ರೆ ಅಪ್ಪ ತಟ್ಟೆ ದೂಡ್ತಿದ್ರು. ನಿಂಗೆ ಗೊತ್ತಲ್ಲ ಅವರ ಸಂಗತಿ. ತಿಂದ್ರಲ್ಲ ಅಂತ ನಂಗೆ... ಅದಕ್ಕೇ ಈ ಸಲ ಕೂಡ ಅಲ್ಲಿಂದಲೇ ತಂದೆ. ಅವರು ಕಡೆಗೆ ತಿಂದದ್ದು ಇದೇ ಅಲ್ವಾ."

"ಕಸ ತಿಂದು ಬೆಳೆದ ಮೀನು. ಸರಕಾರ ಬೇಡ ಅಂದ ಮೀನು. ಅದನ್ನು ಅಪ್ಪನಿಗೆ ಒಂದು ಸಲ ತಿನ್ನಿಸಿದ್ದು ಸಾಲದು ಅಂತ," ಎಂದೆ. ಇನ್ನೂ ಏನೇನೋ ಅಂದೆ. ಇಡೀ ಜನ್ಮ ಯಾರ ಮೋಸಕ್ಕೂ ಸಿಗದ ಮನುಷ್ಯನಿಗೆ ಕೊನೆಗೆ ಮನೆಯೊಳಗೇ ಮೋಸವಾಯಿತಲ್ಲ ಎಂಬ ಸಿಟ್ಟು ನನಗೆ.

"ಸಾಕು," ಎಂದಳು ಅಮ್ಮ. ಕೈ ಒರೆಸಿಕೊಂಡು ಬಂದು ಟಬ್ಬಿನ ಮೇಲೆ ಮರದ ಹಲಗೆ ಎಳೆದಳು. "ಇದನ್ನು ಕೊಯ್ಯುವುದು ಬೇಡ. ನಾಳೆ ಮುಗುಡು ಇಲ್ಲ."

"ಕೆರೆಗಾದ್ರೂ ಬಿಟ್ಟು ಬರ್ತೇನೆ," ಎಂದ ತಮ್ಮ. "ಅಪ್ಪನ ಹೆಸರಲ್ಲಿ."

ನಾನು ಅವನಿಗೆ ಹೊಡೆಯುವುದೊಂದು ಬಾಕಿ. ಕೆರೆಗೆ ಬಿಟ್ಟರೆ ಏನಾಗುತ್ತದೆ ಎಂದು ಹೇಳಿದೆ. ಕೊನೆಗೆ ಅವನೇ ಆ ಸಂಜೆ ಅದನ್ನೂ ಬಕೆಟಿಗೆ ಹಾಕಿಕೊಂಡು ಕಾವಲಿನವನ ಬಳಿ ಹೋದ. ಹೋದನೋ, ದಾರಿಯಲ್ಲಿ ನಾಲೆಗೆ ಎಸೆದನೋ ಎಂದು ನನಗೆ ಸಂಶಯ ಇತ್ತು. ಅವನ ಚಪ್ಪಲಿಗೆ ಕೆರೆಯ ಕೆಂಪು ಮಣ್ಣು ಹತ್ತಿದ್ದು ನೋಡಿದ ಮೇಲೆ ಬಿಟ್ಟೆ.

ಭಾನುವಾರ ಮಧ್ಯಾಹ್ನ ಒಳಕೋಣೆಯಲ್ಲಿ ಎಲೆ ಹಾಕಿದೆವು. ಕೋಳಿ, ಕಡುಬು, ಒಣಮೀನಿನ ಚಟ್ನಿ, ಅಪ್ಪನ ಬೀಡಿ, ಒಂದು ಗ್ಲಾಸಿನಲ್ಲಿ ಅವರು ಹಬ್ಬಕ್ಕೊಮ್ಮೆ ಕುಡಿಯುತ್ತಿದ್ದದ್ದು. ಕೋಳಿಯ ಪಕ್ಕದಲ್ಲಿ ಮುಗುಡಿಗೆ ಬಿಟ್ಟ ಜಾಗ ಹಾಗೇ ಖಾಲಿ ಇತ್ತು. ಅಮ್ಮ ಅದನ್ನು ಬೇರೆ ಏನಾದರೂ ಹಾಕಿ ತುಂಬಿಸಲೂ ಇಲ್ಲ. ಬಾಗಿಲು ಮುಚ್ಚಿ ಮೂವರೂ ಹೊರಗೆ ಬಿಲ್ಡಿಂಗಿನ ಪ್ಯಾಸೇಜಿನಲ್ಲಿ ನಿಂತೆವು. ಪಕ್ಕದ ಮನೆಯ ಗುಜರಾತಿ ಹೆಂಗಸು, ಕೀ ಮರೆತಿರಾ ಎಂದು ಕೇಳಿದಳು. ಹೌದು ಎಂದೆವು. ಮಳೆಯ ಎರಚಲು ಒಳಗೆ ಬರುತ್ತಿತ್ತು.

ತಮ್ಮ ಗೋಡೆಗೆ ಹಣೆ ಕೊಟ್ಟು ನಿಂತಿದ್ದ. ನಿನ್ನೆಯಿಂದ ಸರಿಯಾಗಿ ಉಂಡಿರಲಿಲ್ಲ.

"ಅಮ್ಮಾ," ಎಂದ. "ಅಪ್ಪನಿಗೆ ಮೋಸ ಮಾಡಿದೆ ನಾನು. ಪಾಪ, ಗೊತ್ತಿಲ್ದೆ ತಿಂದ್ರು."

"ಯಾರು, ಅವರಾ?" ಎಂದಳು ಅಮ್ಮ. "ಮೊದಲ ತುತ್ತಿಗೇ ಗೊತ್ತಾಗಿತ್ತು ಅವರಿಗೆ. ಕೈ ತೊಳೆಸುವಾಗ ನನ್ನ ಹತ್ರ ಹೇಳಿದ್ರು, ಇದು ಕೆರೆಯದ್ದಲ್ಲ ಮಾರಾಯ್ತಿ, ಆ ಹೊಲಸು ಜಾತಿಯದ್ದು, ಹುಡುಗನಿಗೆ ಹೇಳಬೇಡ ಅಂತ."

ಅವಳು ಯಾಕೆ ಮುಗುಡು ಬೇಡ ಅಂದಿದ್ದಳು, ಯಾಕೆ ಟಬ್ಬಿನ ಬಳಿ ಬಂದಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ನಾನು ಯಾರ ಯಾರ ಮೇಲೋ ಕಣ್ಣಿಟ್ಟಿದ್ದೆ. ಅಪ್ಪನ ಮೇಲೆ ಇಟ್ಟಿರಲಿಲ್ಲ.

ತಮ್ಮ ನಂಬಲಿಲ್ಲ. ಗೋಡೆ ಬಿಟ್ಟು ತಿರುಗಿದ. "ಸುಳ್ಳು. ನನ್ನ ಸಮಾಧಾನಕ್ಕೆ ಹೇಳ್ತಿದ್ದಿ. ಗೊತ್ತಿದ್ರೆ ಇನ್ನೊಂದು ತುಂಡು ಹಾಕು ಅಂತ ಯಾಕೆ ಕೇಳಿದ್ರು? ಕೇಳಿದ್ರಲ್ಲ, ನಾನು ಕಿವಿಯಾರೆ ಕೇಳಿದ್ದೇನೆ."

"ನೀನು ಬಾಗಿಲಲ್ಲಿ ನಿಂತು ನೋಡ್ತಾ ಇದ್ದಿಯಲ್ಲ ಮಗಾ," ಎಂದಳು ಅಮ್ಮ. "ಬದುಕಿದ್ದಾಗ ನಿನಗೋಸ್ಕರ ತಿಂದ್ರು. ಇನ್ನು ತಿನ್ನುವುದು ಬೇಡ ಅವರು."

ತಮ್ಮ ಪ್ಯಾಸೇಜಿನ ನೆಲದ ಮೇಲೆ ಕೂತು ಮಕ್ಕಳ ಹಾಗೆ ಅತ್ತ. ನಾನೂ ಅತ್ತೆ. ಅಮ್ಮ ಬಾಗಿಲಿಗೆ ಕಿವಿಯಿಟ್ಟು, ಇನ್ನೂ ಸ್ವಲ್ಪ ಹೊತ್ತು ಆಗಲಿ, ಅವರಿಗೆ ನಿಧಾನ ಉಣ್ಣುವ ಅಭ್ಯಾಸ ಎಂದಳು.